ಮಕ್ಕಳನ್ನು ಮಾಟುಂಗಕ್ಕೆ ಯಕ್ಷಗಾನದ ಆಟ ನೋಡಲು ಕರೆದೊಯ್ಯುವುದು ಹೇಗೆ?

ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯಿತು. ಮಳೆಯಲ್ಲಿ ಬಯಲಾಟ ಎಲ್ಲಿಂದ? ಆಗ ಕಲಾವಿದರು ಮುಂಬಯಿ ರೈಲು ಹತ್ತುತ್ತಾರೆ. ಜುಲೈ, ಆಗಸ್ಟ್ ಬಂತೆಂದರೆ ಇಲ್ಲಿನ ಸಭಾಗೃಹಗಳಲ್ಲಿ ಶನಿವಾರ, ಭಾನುವಾರ ಚೆಂಡೆ ಸದ್ದು. ಇಲ್ಲೇ ಹುಟ್ಟಿದ ಮಕ್ಕಳಿಗೆ ಆಟ ತೋರಿಸಲು ಇದೇ ಒಳ್ಳೆಯ ಸಮಯ.

ಮೊದಲು ಜಾಗ ತಿಳಿದುಕೊಳ್ಳಿ. ಮಾಟುಂಗ ಪೂರ್ವದ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರಲ್ಲಿ ಶುರುವಾದದ್ದು. ಪಶ್ಚಿಮಕ್ಕೆ ಮೊಗಲ್ ಲೇನ್‌ನಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಕಿಂಗ್ಸ್ ಸರ್ಕಲ್ ಕಡೆಯ ಷಣ್ಮುಖಾನಂದ ಸಭಾಗೃಹವೂ ಹತ್ತಿರವೇ. 1990ರಲ್ಲಿ ಅದು ಬೆಂಕಿಗೆ ಸಿಕ್ಕಿ, 1998ರಲ್ಲಿ ಮತ್ತೆ ತೆರೆಯಿತು. ಮಕ್ಕಳ ಮೊದಲ ಆಟಕ್ಕೆ ಚಿಕ್ಕ ಸಭಾಗೃಹವೇ ಒಳ್ಳೆಯದು. ವೇಷ ಹತ್ತಿರದಿಂದ ಕಾಣಬೇಕು, ಅಲ್ವಾ?

ಯಾವತ್ತು, ಎಲ್ಲಿ ಎಂಬುದು ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಸಂಘದವರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಕೊಂಡರೆ ಇನ್ನೂ ಸುಲಭ. ಆಮಂತ್ರಣದಲ್ಲಿ ಒಂದು ವಿಷಯ ಗಮನಿಸಿ: ಆಟವೋ, ತಾಳಮದ್ದಳೆಯೋ? ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತು ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಮಾತಿನ ರುಚಿ ಹತ್ತಿದವರಿಗೆ ಅದು ಹಬ್ಬ. ಮಕ್ಕಳಿಗೆ ಮೊದಲು ಆಟವೇ ಇರಲಿ.

ಮುಂದಿನ ಕೆಲಸ ಕಥೆ ಹೇಳುವುದು. ಇದನ್ನು ಬಿಡಲೇಬೇಡಿ. ನನ್ನ ಮಗಳನ್ನು ಮೊದಲ ಸಲ ಸುಮ್ನೆ ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆಯಲ್ಲಿ ಮನೆಗೆ ಹೋಗೋಣ ಎಂದು ಹಟ ಹಿಡಿದಳು. ಮುಂದಿನ ಸಲ ಹೋಗುವಾಗ ಲೋಕಲ್‌ನಲ್ಲೇ ಅಭಿಮನ್ಯುವಿನ ಕಥೆ ಹೇಳಿದೆ. ಚಕ್ರವ್ಯೂಹದ ಹೊತ್ತಿಗೆ ಅವಳು ಸೀಟಿನ ತುದಿಗೆ ಬಂದಿದ್ದಳು. ಕಥೆ ಹಾಡುವ ಭಾಗವತರ ಪದ ಪೂರ್ತಿ ಅರ್ಥವಾಗಬೇಕೆಂದಿಲ್ಲ. ಯಾರು ಯಾರಿಗೆ ಏನಾಗಬೇಕು ಎಂದು ಗೊತ್ತಿದ್ದರೆ ಸಾಕು.

ಭಾನುವಾರವಾದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದೆಯಾ ಎಂದು ಶನಿವಾರವೇ ನೋಡಿಕೊಳ್ಳಿ. ಮಾಟುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಸೆಂಟ್ರಲ್ ಲೈನ್ ತೊಂದರೆ ಕೊಟ್ಟರೆ ದಾದರ್‌ನಲ್ಲಿ ಇಳಿದು, ವೆಸ್ಟರ್ನ್ ಲೈನಿನ ಸ್ಲೋ ಹಿಡಿದು ಮಾಟುಂಗ ರೋಡ್‌ಗೆ ಬನ್ನಿ. ಅಲ್ಲಿಂದ ಜೆಡ್ ಬ್ರಿಜ್ ದಾಟಿದರೆ ಪೂರ್ವಕ್ಕೆ ಬರಬಹುದು.

ಊಟವನ್ನು ಮಾಟುಂಗದಲ್ಲೇ ಮಾಡಿ. ಸ್ಟೇಷನ್ ಎದುರು 1942ರಿಂದ ಇರುವ ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆ ಎಲೆ ಊಟ ಸಿಗುತ್ತದೆ. ಭಾನುವಾರ ಜನ ಜಾಸ್ತಿ, ಬೇಗ ಹೋಗಿ.

ಆಟ ಶುರುವಾಗುವ ಒಂದು ಗಂಟೆ ಮೊದಲೇ ಸಭಾಗೃಹ ತಲುಪಿ, ವೇಷ ಕಟ್ಟುವ ಚೌಕಿಗೆ ಬರಬಹುದೇ ಎಂದು ಸಂಘಟಕರನ್ನು ಕೇಳಿ. ಮಕ್ಕಳಿದ್ದಾರೆ ಎಂದರೆ ಎಷ್ಟೋ ಸಲ ಒಪ್ಪುತ್ತಾರೆ. ಚಪ್ಪಲಿ ಹೊರಗೆ ಬಿಡಿ. ಚೌಕಿಯಲ್ಲಿ ಗಣಪತಿಯ ಪೂಜೆ ಇರುತ್ತದೆ. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷ, ಅಂದರೆ ರಾಕ್ಷಸರ ವೇಷ ಇದ್ದರೆ, ಮಗುವನ್ನು ಆ ಕಲಾವಿದರ ಹತ್ತಿರ ನಿಲ್ಲಿಸಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಬಿಳಿ ಚುಕ್ಕೆ, ಅಂದರೆ ಚುಟ್ಟಿ, ಇಡುತ್ತಾರೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳು ಎದ್ದ ಹಾಗೆ ಮುಖ ಬೆಳೆಯುತ್ತಾ ಹೋಗುತ್ತದೆ. ಕನ್ನಡಿಯಲ್ಲಿ ನೋಡುತ್ತಾ ಆ ಕಲಾವಿದರು ಒಂದು ಮಾತೂ ಆಡುವುದಿಲ್ಲ, ತುಟಿ ಅಲುಗಿದರೆ ಚುಟ್ಟಿ ಕೆಡುತ್ತದೆ. ಮಗುವೂ ಉಸಿರು ಬಿಗಿಹಿಡಿದು ನೋಡುತ್ತದೆ. ಫೋಟೊ ಬೇಕಾದರೆ ಕೇಳಿ ತೆಗೆಯಿರಿ, ಫ್ಲ್ಯಾಶ್ ಬೇಡ.

ಒಳಗೆ ಮುಂದಿನ ಸಾಲುಗಳು ಅತಿಥಿಗಳಿಗೆ. ನಾಲ್ಕೈದು ಸಾಲು ಬಿಟ್ಟು, ಚೆಂಡೆ ಇರುವ ಬದಿಯಿಂದ ಸ್ವಲ್ಪ ದೂರ ಕೂರಿ. ತೀರಾ ಚಿಕ್ಕ ಮಕ್ಕಳು ಆ ಸದ್ದಿಗೆ ಬೆಚ್ಚುತ್ತಾರೆ. ನಡುವೆ ಸನ್ಮಾನ, ಭಾಷಣ ಇರುತ್ತದೆ. ಮಕ್ಕಳಿಗೆ ತಿಂಡಿ ಕೊಡಲು ಅದೇ ಹೊತ್ತು.

ಕೊನೆಯ ಯುದ್ಧ ಮುಗಿಯುತ್ತಿದ್ದಂತೆ ಅರ್ಧ ಸಭೆ ಎದ್ದು ಸ್ಟೇಷನ್ನಿಗೆ ಓಡುತ್ತದೆ. ನೀವು ಓಡಬೇಡಿ. ಭಾಗವತರು ಮಂಗಳ ಹಾಡುವವರೆಗೆ ಕೂರಿ, ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಆಮೇಲೆ ಮಗುವನ್ನು ಮತ್ತೊಮ್ಮೆ ಚೌಕಿಗೆ ಕರೆದುಕೊಂಡು ಹೋಗಿ. ಕಿರೀಟ ಇಳಿಸಿ, ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿರುವ ಅಭಿಮನ್ಯುವಿಗೆ ಮಗುವೇ ಹೇಳಲಿ, ಚೆನ್ನಾಗಿತ್ತು ಅಂತ.