ಒಳಕೋಣೆಯ ಹಿರಿಯರನ್ನು ಲೆಕ್ಕಕ್ಕೆ ತರುವುದು ಹೇಗೆ
ಊರಮಟ್ಟದಲ್ಲಿ ಮುಪ್ಪು, ಲಕ್ವಾ ಮತ್ತು ಮನಸ್ಸಿನ ಆರೋಗ್ಯದ ಸಮೀಕ್ಷೆ ಮಾಡಹೊರಟವರಿಗೆ

ಧಾರವಾಡದ ಸಮಾಜಕಾರ್ಯ ವಿದ್ಯಾರ್ಥಿಗಳಿರಲಿ, ಗದಗ–ಹಾವೇರಿ ಕಡೆಯ ಸಂಘ ಸಂಸ್ಥೆಗಳಿರಲಿ, ಹಿರಿಯರ ಆರೋಗ್ಯ ಸಮೀಕ್ಷೆಗೆ ಇಳಿದವರು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಕಟ್ಟೆಯ ಮೇಲೆ ಕೂತು ಮಾತಾಡಬಲ್ಲ ಅಜ್ಜ ಪಟ್ಟಿಗೆ ಬರುತ್ತಾನೆ; ಲಕ್ವಾ (ಪಾರ್ಶ್ವವಾಯು) ಹೊಡೆದು ಒಳಗೆ ಮಲಗಿರುವ ಅಜ್ಜಿ ಬರುವುದಿಲ್ಲ. ಯಾರ ಸ್ಥಿತಿ ತಿಳಿಯಬೇಕಿತ್ತೋ ಅವರೇ ಬಿಟ್ಟುಹೋದರೆ, ಕೊನೆಗೆ ಸಿಗುವ ಶೇಕಡಾವಾರು ಊರನ್ನು ಇದ್ದದ್ದಕ್ಕಿಂತ ಆರೋಗ್ಯವಂತವಾಗಿ ತೋರಿಸುತ್ತದೆ. ದೇಶಮಟ್ಟದಲ್ಲಿ 2017–18ರಲ್ಲಿ ಮೊದಲ ಸುತ್ತು ನಡೆದ ‘ಲಾಸಿ’ ಎಂಬ ಮುಪ್ಪಿನ ಅಧ್ಯಯನ 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳನ್ನು ಸೇರಿಸಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಅದರಿಂದ ಕರ್ನಾಟಕದ ಚಿತ್ರ ಸಿಗುತ್ತದೆ, ಶಿರಹಟ್ಟಿ ತಾಲ್ಲೂಕಿನದು ಸಿಗುವುದಿಲ್ಲ. ಊರಿನ ಲೆಕ್ಕ ಬೇಕಾದರೆ ಊರಲ್ಲೇ ಮಾಡಬೇಕು.

ಎಷ್ಟು ಜನ ಬೇಕು

ಕೈಗೆ ಸಿಕ್ಕಷ್ಟು ಮನೆ ಎಂದು ಹೊರಡಬೇಡಿ. ಲೆಕ್ಕ ಸರಳವಾಗಿದೆ: ಸಮಸ್ಯೆ ಎಷ್ಟು ಶೇಕಡಾ ಇರಬಹುದೆಂದು ಅಂದಾಜಿಸಿ, ಅದನ್ನು ಉಳಿದ ಶೇಕಡಾದಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ನೀವು ಒಪ್ಪುವ ಹೆಚ್ಚು–ಕಡಿಮೆಯ ವರ್ಗದಿಂದ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಯಿಂದ) ಭಾಗಿಸಿ. ಖಿನ್ನತೆ ಶೇ 20 ಎಂದುಕೊಂಡು 5 ಅಂಕ ಹೆಚ್ಚು–ಕಡಿಮೆ ಒಪ್ಪಿದರೆ 20×80×4÷25, ಅಂದರೆ 256 ಜನ. ಒಂದೇ ಓಣಿಯವರ ಬದುಕು ಒಂದೇ ತೆರನಾಗಿರುವುದರಿಂದ ಇದನ್ನು ಒಂದೂವರೆ ಪಟ್ಟು ಮಾಡಿ: 384. ನೂರಕ್ಕೆ ಹತ್ತು ಮಂದಿ ಸಿಗಲಿಕ್ಕಿಲ್ಲ, ಒಪ್ಪಲಿಕ್ಕಿಲ್ಲ, ಹಾಗಾಗಿ 384÷0.9, ಅಂದರೆ 427.

ಇದೇ ಲೆಕ್ಕವನ್ನು ಲಕ್ವಾಕ್ಕೆ ಹಾಕಿದರೆ ಕಥೆ ಬೇರೆ. ಶೇ 1.5 ಎಂದು ಅಂದಾಜಿಸಿ ಅರ್ಧ ಅಂಕದಷ್ಟೇ ಹೆಚ್ಚು–ಕಡಿಮೆ ಒಪ್ಪಿದರೆ 2,364 ಹಿರಿಯರು ಬೇಕು. ಊರಿನ ಹತ್ತು ಜನರಲ್ಲಿ ಒಬ್ಬರ ಆಸುಪಾಸು 60 ದಾಟಿದವರಿರುತ್ತಾರೆ. ಅಂದರೆ ಮೂರು ಸಾವಿರ ಜನಸಂಖ್ಯೆಯ ಎಂಟು ಊರು. 427 ಜನರನ್ನು ಮಾತಾಡಿಸಿ ಆರೇಳು ಲಕ್ವಾ ರೋಗಿಗಳು ಸಿಕ್ಕರೆ ಅದರ ಮೇಲೆ ಪ್ರಮಾಣ ಹೇಳಲು ಹೋಗಬೇಡಿ. ಕೆಲಸವನ್ನು ಎರಡಾಗಿ ಒಡೆಯುವುದು ಜಾಣತನ: ಲಕ್ವಾಕ್ಕೆ ಪ್ರತಿ ಮನೆಯ ಬಾಗಿಲು ತಟ್ಟಿ ಐದು ನಿಮಿಷದ ಪ್ರಶ್ನೆ, ಮನಸ್ಸಿನ ಆರೋಗ್ಯಕ್ಕೆ ಆ ಪಟ್ಟಿಯಿಂದ ಚೀಟಿ ಎತ್ತಿದವರ ಜೊತೆ ಮುಕ್ಕಾಲು ಗಂಟೆಯ ಮಾತು. ಲಕ್ವಾ ಹೊಡೆದವರಿಗೆ ಚೀಟಿ ಬೇಡ, ಎಲ್ಲರನ್ನೂ ಮಾತಾಡಿಸಿ. ಖಿನ್ನತೆಯ ಪ್ರಮಾಣ ತೆಗೆಯುವಾಗ ಮಾತ್ರ ಚೀಟಿಯಲ್ಲಿ ಬಂದವರನ್ನಷ್ಟೇ ಎಣಿಸಿ.

ಅನುಮತಿ, ಒಪ್ಪಿಗೆ

ಹತ್ತಿರದ ವೈದ್ಯಕೀಯ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಅದಿಲ್ಲದೆ ಒಂದು ಮನೆಗೂ ಹೋಗಬಾರದು. ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಪಂಚಾಯಿತಿ. ಓದು ಬಾರದವರಿಗೆ ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ, ನಿಮ್ಮ ತಂಡದವರಲ್ಲದ ಒಬ್ಬರ ಸಾಕ್ಷಿ ಸಹಿ ಪಡೆಯಿರಿ. ಲಕ್ವಾದಿಂದ ಮಾತು ನಿಂತವರ ವಿಷಯದಲ್ಲಿ ಮನೆಯವರ ಸಹಿ ಸಿಕ್ಕಿತೆಂದು ಮುಂದುವರಿಯುವುದು ತಪ್ಪು. ಮಾತು ಬಾರದಿದ್ದರೂ ಅರ್ಥವಾಗುವವರು ಬಹಳ. ಚಿಕ್ಕ ವಾಕ್ಯದಲ್ಲಿ ಹೇಳಿ, ತಲೆಯಾಡಿಸಲು ಅಥವಾ ಕೈ ಒತ್ತಲು ಸಮಯ ಕೊಡಿ. ಮುಖ ತಿರುಗಿಸಿದರೆ ಅದು ನಿರಾಕರಣೆಯೇ, ಎದ್ದು ಬನ್ನಿ. ಹೆಸರು, ಮನೆ ಸಂಖ್ಯೆ ಒಂದು ವಹಿಯಲ್ಲಿ. ಉತ್ತರಗಳು ಬೇರೆ ಹಾಳೆಯಲ್ಲಿ, ಬರೀ ಸಂಕೇತ ಸಂಖ್ಯೆಯಡಿ. ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಬೇಡಿ.

ಪಟ್ಟಿ

ಮತದಾರರ ಪಟ್ಟಿಯಿಂದ ಆರಂಭಿಸಬಹುದು, ಅಲ್ಲಿಗೇ ನಿಲ್ಲಬಾರದು. ಬೇರೆ ಊರಲ್ಲಿ ಹೆಸರಿರುವವರು, ಮಗಳ ಮನೆಗೆ ಬಂದು ಉಳಿದ ತಾಯಂದಿರು, ತೋಟದ ಮನೆಯವರು ಅದರಲ್ಲಿ ಇರುವುದಿಲ್ಲ. ಆಶಾ ಕಾರ್ಯಕರ್ತೆಯ ವಹಿ ಹೆಚ್ಚು ಉಪಯುಕ್ತ. ಆಸ್ತಿ ಹಂಚಿಕೆಯಾದ ಮನೆಗಳಲ್ಲಿ ತಂದೆ–ತಾಯಿ ತಿಂಗಳಿಗೊಬ್ಬ ಮಗನಂತೆ ಪಾಳಿಯ ಮೇಲಿರುವುದುಂಟು. ಹಿರಿಮಗ ‘ತಮ್ಮನ ಕಡೆ ಅದಾರ’ ಎನ್ನುತ್ತಾನೆ, ತಮ್ಮ ‘ಅಣ್ಣನ ಕಡೆ’ ಎನ್ನುತ್ತಾನೆ. ಎರಡೂ ಮನೆಯ ಹಾಳೆಯಲ್ಲಿ ಅವರು ಇಲ್ಲ. ಇದಕ್ಕೊಂದೇ ನಿಯಮ: ನಿನ್ನೆ ರಾತ್ರಿ ಎಲ್ಲಿ ಮಲಗಿದ್ದರೋ ಆ ಮನೆಯ ಲೆಕ್ಕಕ್ಕೆ. ಪ್ರತಿ ಮನೆಯಲ್ಲೂ ಈ ಮಾತನ್ನು ಇದ್ದ ಹಾಗೇ ಕೇಳಿ: ‘ನಿನ್ನೆ ರಾತ್ರಿ ಈ ಮನ್ಯಾಗ ಯಾರ್ಯಾರು ಮಲಗಿದ್ರಿ? ಹೊರಗ ಬರಾಕ ಆಗದವರು ಯಾರರ ಒಳಗ ಅದಾರೇನ್ರಿ?’ ಎರಡನೆಯ ಪ್ರಶ್ನೆ ಬಿಟ್ಟರೆ ಸಮೀಕ್ಷೆಯೇ ಬಿಟ್ಟಂತೆ.

ಕಾಲವನ್ನೂ ನೋಡಿ. ಮುಂಗಾರು ಬಿತ್ತನೆ, ಹೆಸರುಕಾಳು ಬಿಡಿಸುವ ದಿನ, ಹಿಂಗಾರು ಜೋಳ–ಕಡಲೆಯ ಸುಗ್ಗಿ, ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ, ಇವುಗಳಲ್ಲಿ ಹಗಲು ಮನೆಯಲ್ಲಿ ಉಳಿಯುವವರು ಹಾಸಿಗೆ ಹಿಡಿದವರಷ್ಟೇ. ಅವರ ಬಗ್ಗೆ ಹೇಳುವವರು ಯಾರೂ ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ, ಬೆಳಗ್ಗೆ 7ರಿಂದ 10, ಸಂಜೆ 5ರ ನಂತರ ಹೋಗಿ. ಸಂತೆಯ ದಿನ ಬೇಡ. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋದ ಮೇಲಷ್ಟೇ ‘ಸಿಗಲಿಲ್ಲ’ ಎಂದು ಬರೆಯಿರಿ. ಹುಬ್ಬಳ್ಳಿ–ಧಾರವಾಡದಲ್ಲಿ ಪಾಲಿಕೆಯ ವಾರ್ಡುಗಳಿಂದ ಚೀಟಿ ಎತ್ತಿ ಆರಿಸಿ, ಭಾನುವಾರ ಬೆಳಗ್ಗೆ ಹೋದರೆ ಬಾಗಿಲು ತೆರೆದಿರುತ್ತದೆ.

ವಯಸ್ಸು

‘ಎಷ್ಟೋ ಏನೋ, ಅರವತ್ತು ಬರಕೋರಿ’ ಎಂಬ ಉತ್ತರವನ್ನು ಹಾಗೇ ಬರೆದರೆ 60, 65, 70ರಲ್ಲಿ ಜನ ಗುಂಪುಗೂಡುತ್ತಾರೆ. ಆಧಾರ್ ಕಾರ್ಡಿನ ಜನವರಿ 1ನೇ ತಾರೀಖನ್ನೂ ನಂಬಬೇಡಿ. ಘಟನೆಗಳ ಪಟ್ಟಿ ಇಟ್ಟುಕೊಳ್ಳಿ: 1956ರ ಏಕೀಕರಣ, 1962ರ ಚೀನಾ ಯುದ್ಧ, 1972ರ ಬರಗಾಲ, 1975ರ ತುರ್ತುಪರಿಸ್ಥಿತಿ, 1980ರ ನರಗುಂದ–ನವಲಗುಂದ ರೈತ ಬಂಡಾಯ, 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳಾದದ್ದು. ‘ಬರಗಾಲ ಬಿದ್ದಾಗ ನಿಮ್ಮ ಮದಿವಿ ಆಗಿತ್ತೇನ್ರಿ? ಮಕ್ಕಳಿದ್ರೇನು?’ ಎಂದು ಎರಡು ಮೂರು ಕಡೆಯಿಂದ ಕಟ್ಟಿಹಾಕಿದರೆ ವಯಸ್ಸು ಎರಡು ಮೂರು ವರ್ಷದ ಅಂತರಕ್ಕೆ ಬರುತ್ತದೆ.

ಲಕ್ವಾ ಹೌದೋ ಅಲ್ಲವೋ

ಕೇಳಬೇಕಾದದ್ದು ರೋಗದ ಹೆಸರಲ್ಲ, ಏನಾಯಿತೆಂದು: ‘ಒಮ್ಮಿಂದೊಮ್ಮೆಲೆ ಒಂದ ಮಗ್ಗಲದ ಕೈ–ಕಾಲು ಸೋತಿದ್ವೇನು? ಬಾಯಿ ಸೊಟ್ಟ ಆಗಿತ್ತೇನು? ಮಾತು ತೊದಲ್ತಿತ್ತೇನು? ಒಂದ ಹಗಲು ಒಂದ ರಾತ್ರಿ ದಾಟಿ ಹಂಗ ಇತ್ತೇನು?’ 24 ತಾಸು ದಾಟಿದ್ದರೆ ಲಕ್ವಾ ಶಂಕೆ. 24 ತಾಸಿನೊಳಗೇ ಸರಿಹೋಗಿದ್ದರೆ ಬೇರೆ ಕಾಲಮ್ಮಿನಲ್ಲಿ ಬರೆದು ವೈದ್ಯರಿಗೆ ತೋರಿಸಲು ಹೇಳಿ, ಅದು ದೊಡ್ಡ ಹೊಡೆತದ ಮುನ್ಸೂಚನೆ ಆಗಿರಬಹುದು.

ತಪ್ಪಾಗಿ ಸೇರುವವರು ಯಾರು? ಹಣೆ ಸೇರಿ ಮುಖದ ಒಂದು ಬದಿಯಷ್ಟೇ ಸೋತು ಕೈಕಾಲು ಚೆನ್ನಾಗಿರುವವರು (ಮುಖದ ನರದ ತೊಂದರೆ), ಮೊಣಕಾಲು ಸವೆದವರು, ಸೊಂಟದ ಮೂಳೆ ಮುರಿದು ಮಲಗಿದವರು, ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಜೋಮು ಹಿಡಿದವರು. ಬಿಟ್ಟುಹೋಗುವವರು: ಪೂರ್ತಿ ಗುಣವಾಗಿ ಮರೆತವರು, ದೃಷ್ಟಿ ಅಥವಾ ಸಮತೋಲ ಮಾತ್ರ ಕೆಟ್ಟವರು. ಶಂಕೆ ಬಂದವರ ಆಸ್ಪತ್ರೆ ಚೀಟಿ, ಸಿಟಿ ಸ್ಕ್ಯಾನ್ ವರದಿ ಕೇಳಿ ನೋಡಿ; ಕೊನೆಯ ತೀರ್ಮಾನ ವೈದ್ಯರದು.

ಆಸ್ಪತ್ರೆ ಮುಟ್ಟಿದ ಹೊತ್ತನ್ನು ತಪ್ಪದೆ ಬರೆಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ತಾಸಿನ ಗಡುವು ಇದೆ, ಅದೂ ಸ್ಕ್ಯಾನ್ ಆದ ಮೇಲೆ. ಆ ಗಡುವು ಶುರುವಾಗುವುದು ಮನೆಯವರು ನೋಡಿದ ಗಳಿಗೆಯಿಂದಲ್ಲ, ರೋಗಿ ಕೊನೆಯ ಬಾರಿ ಸರಿಯಿದ್ದ ಗಳಿಗೆಯಿಂದ. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿ ಬೆಳಗ್ಗೆ 5ಕ್ಕೆ ಸೋತು ಎದ್ದವರಿಗೆ ಏಳು ತಾಸು ಆಗಲೇ ಕಳೆದಿದೆ. ಮೊದಲು ಎಲ್ಲಿಗೆ ಹೋದರು, ನಾಟಿ ಔಷಧಿಗೋ, ಊರ ಡಾಕ್ಟರ ಹತ್ತಿರವೋ, ನೇರ ಗದಗಿಗೋ ಹುಬ್ಬಳ್ಳಿಗೋ ಎಂಬುದನ್ನು ಮುಖ ಸಿಂಡರಿಸದೆ ಕೇಳಿ. ಗದರುವ ದನಿ ಕೇಳಿಸಿದರೆ ಅವರು ನಿಜ ಮುಚ್ಚಿಡುತ್ತಾರೆ, ತಡವಾಗುವ ಕಾರಣ ನಿಮಗೆ ಎಂದೂ ಗೊತ್ತಾಗುವುದಿಲ್ಲ.

ಚೇತರಿಕೆಯ ಅಳತೆ

ಎರಡು ಅಳತೆ ಸಾಕು. ರ್‍ಯಾಂಕಿನ್ ಅಳತೆ 0ಯಿಂದ 6ರವರೆಗೆ: 0 ಎಂದರೆ ಏನೂ ಉಳಿದಿಲ್ಲ, 2 ಎಂದರೆ ಮೊದಲಿನ ಎಲ್ಲ ಕೆಲಸ ಆಗದಿದ್ದರೂ ತನ್ನದು ತಾನು ನೋಡಿಕೊಳ್ಳಬಲ್ಲರು, 3 ಎಂದರೆ ಅಲ್ಲಲ್ಲಿ ನೆರವು ಬೇಕು, ನಡೆಯಲು ಮಾತ್ರ ಇನ್ನೊಬ್ಬರು ಬೇಡ, 4 ಎಂದರೆ ನಡೆಯಲೂ ಆಸರೆ ಬೇಕು, 5 ಹಾಸಿಗೆ, 6 ಸಾವು. ಸತ್ತವರನ್ನು ಕೈಬಿಟ್ಟರೆ ಚೇತರಿಕೆ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬಾರ್ಥೆಲ್ ಅಳತೆಯಲ್ಲಿ ಊಟ, ಸ್ನಾನ, ಬಟ್ಟೆ, ಮಲಮೂತ್ರ, ನಡಿಗೆ ಹೀಗೆ 10 ಕೆಲಸಗಳು, ಒಟ್ಟು 100 ಅಂಕ. ‘ಮಾಡಬಲ್ಲಿರಾ’ ಎಂದಲ್ಲ, ‘ನಿನ್ನೆ ನೀವೇ ಮಾಡಿದ್ರೇನು’ ಎಂದು ಕೇಳಿ.

ನಮ್ಮ ಕಡೆ ಬಾರ್ಥೆಲ್ ಬಳಸುವಾಗ ಊಟದ ಪ್ರಶ್ನೆ ಸೂಕ್ಷ್ಮವಾದದ್ದು. ಪೂರ್ತಿ ತಾನೇ ಉಂಡರೆ 10, ಕತ್ತರಿಸಿ ಕೊಡಬೇಕಾದರೆ 5. ಇಲ್ಲಿ ಕತ್ತರಿಸುವುದೆಂದರೆ ರೊಟ್ಟಿ ಮುರಿಯುವುದು. ಕಟಕ (ಒಣಗಿದ) ರೊಟ್ಟಿಯನ್ನು ಒಂದೇ ಕೈಯಲ್ಲಿ ಒತ್ತಿ ಮುರಿಯಬಹುದು. ಬಿಸಿರೊಟ್ಟಿ ಹರಿಯಲು ಹೆಬ್ಬೆರಳು–ತೋರುಬೆರಳಿನ ಹಿಡಿತ ಬೇಕು, ಇನ್ನೊಂದು ಬದಿ ಅದುಮಿ ಹಿಡಿಯಬೇಕು. ಸೊಸೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಟ್ಟಿದ್ದನ್ನು ಅಜ್ಜ ಎಡಗೈಯಿಂದ ಉಂಡರೆ ಮನೆಯವರು ‘ತಾವ ಉಣ್ತಾರ’ ಎನ್ನುತ್ತಾರೆ. ಅದು 5, ಹತ್ತಲ್ಲ. ಊಟದ ಹೊತ್ತಿಗೆ ಹೋಗಿ ಕಣ್ಣಾರೆ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಮೆಟ್ಟಿಲೇ ಇಲ್ಲದ ಮನೆಯಲ್ಲಿ ಮೆಟ್ಟಿಲಿನ ಪ್ರಶ್ನೆಗೆ ಕಟ್ಟೆ ಹತ್ತಿಳಿಯುವುದನ್ನು ಕೇಳಿ, ಹಾಗೆ ಕೇಳಿದ್ದನ್ನು ಹಾಳೆಯಲ್ಲಿ ಗುರುತಿಸಿ. ಒಂದು ತಂಡದವರು ಕಟ್ಟೆ, ಇನ್ನೊಂದು ತಂಡದವರು ಗುಡಿಯ ಮೆಟ್ಟಿಲು ಕೇಳಿದರೆ ಎರಡು ಊರಿನ ಅಂಕ ಹೋಲಿಸಲು ಬರುವುದಿಲ್ಲ.

ರಕ್ತದೊತ್ತಡ ಅಳೆಯುವ ಮೊದಲಿನ ಅರ್ಧ ತಾಸು ಚಹಾ, ಎಲೆ–ಅಡಿಕೆ–ತಂಬಾಕು ಬೇಡ. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಕೂರಿಸಿ, ಸೋಲದ ಕೈಗೆ ಪಟ್ಟಿ ಕಟ್ಟಿ, ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ ಬರೆಯಿರಿ.

ಮನಸ್ಸಿನ ಪ್ರಶ್ನೆಗಳು

ಲಕ್ವಾ ಹೊಡೆದ ಮೂವರಲ್ಲಿ ಒಬ್ಬರ ಆಸುಪಾಸು ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆ ಬಂದವರು ವ್ಯಾಯಾಮ ಬಿಡುತ್ತಾರೆ, ಮಾತ್ರೆ ಬಿಡುತ್ತಾರೆ, ಕೈಕಾಲಿನ ಚೇತರಿಕೆಯೂ ಅಲ್ಲಿಗೇ ನಿಲ್ಲುತ್ತದೆ. ‘ವಯಸ್ಸಾತು, ಇನ್ನೇನ್ ಇರ್ತೈತಿ’ ಎಂದು ಬಿಟ್ಟುಬಿಡುವ ಈ ನೋವಿಗೆ ಚಿಕಿತ್ಸೆ ಇದೆ. ಸಮೀಕ್ಷೆ ಮಾಡುವವರು ಇದನ್ನು ಮನಸಾರೆ ನಂಬಿ ಕೇಳಬೇಕು.

ಪಿಎಚ್‌ಕ್ಯೂ–9ರಲ್ಲಿ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ತಪಾಸಣೆ ಬೇಕು. ಅದು ಕಾಯಿಲೆಯ ತೀರ್ಪಲ್ಲ, ಜರಡಿ ಮಾತ್ರ. ಈಗಾಗಲೇ ಇರುವ ಕನ್ನಡ ರೂಪವನ್ನೇ ಬಳಸಿ, ಸಮೀಕ್ಷೆಗೆ ಸೇರದ ಊರಿನ 20–30 ಮನೆಯಲ್ಲಿ ಮೊದಲು ಕೇಳಿ ನೋಡಿ. ‘ಕಳೆದ ಎರಡು ವಾರ’ ಎಂದರೆ ಹಿಡಿತಕ್ಕೆ ಸಿಗದವರಿಗೆ ‘ಈ ಹುಣ್ಣಿವಿಯಿಂದ ಇಲ್ಲಿತನ’ ಎಂದೋ (ಅಮಾವಾಸ್ಯೆಯ ಆಸುಪಾಸಿನಲ್ಲಿ ಕೇಳುತ್ತಿದ್ದರೆ) ಎರಡು ಸಂತೆಯ ಲೆಕ್ಕದಲ್ಲೋ ಹೇಳಿ. ‘ಏನೂ ಇಲ್ರಿ, ದೇವರು ಇಟ್ಟಂಗ’ ಎಂಬ ಉತ್ತರಕ್ಕೆ ಸೊನ್ನೆ ಹಾಕಬೇಡಿ, ಎಷ್ಟು ದಿನ ಹಾಗಿತ್ತೆಂದು ಮತ್ತೆ ಕೇಳಿ. ಎದೆ ಭಾರ, ಕೈಕಾಲಲ್ಲಿ ಶಕ್ತಿ ಇಲ್ಲ, ನಿದ್ದೆ ಹತ್ತುವುದಿಲ್ಲ ಎಂದೇ ಬಹಳ ಮಂದಿ ದುಃಖವನ್ನು ಹೇಳುತ್ತಾರೆ. ಆದರೆ ದಣಿವು, ನಿದ್ದೆಗೇಡು ಲಕ್ವಾದಿಂದಲೂ ಬರುತ್ತವೆ. ಅದಕ್ಕೇ ಮೊದಲೆರಡು ಪ್ರಶ್ನೆಗಳ ಅಂಕ, ಅಂದರೆ ಆಸಕ್ತಿ ಹೋದದ್ದು ಮತ್ತು ಮನಸ್ಸು ಕುಗ್ಗಿದ್ದು, ಬೇರೆಯಾಗಿಯೂ ನೋಡಿ. ಕಾರಣವಿಲ್ಲದೆ ಅಳು ಉಕ್ಕಿ ಅರೆಕ್ಷಣದಲ್ಲಿ ನಿಲ್ಲುವುದು ಮಿದುಳಿನ ಪೆಟ್ಟಿನಿಂದಲೂ ಇರಬಹುದು, ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಮಾತು ನಿಂತವರಿಗೆ ಈ ಪ್ರಶ್ನಾವಳಿ ಆಗದು. ಆರೈಕೆ ಮಾಡುವವರು ಕಂಡದ್ದನ್ನು ಹೇಳುವ ಎಸ್‌ಎಡಿಕ್ಯೂ–10 ಅವರಿಗೆಂದೇ ಇದೆ.

ಮಗನೋ ಸೊಸೆಯೋ ಪಕ್ಕದಲ್ಲಿದ್ದರೆ ನಿಜ ಹೊರಬರುವುದಿಲ್ಲ. ತಂಡದಲ್ಲಿ ಇಬ್ಬರಿರಲಿ: ಒಬ್ಬರು ಹಿರಿಯರ ಜೊತೆ, ಇನ್ನೊಬ್ಬರು ಪಡಸಾಲೆಯಲ್ಲಿ ಸೊಸೆಯ ಜೊತೆ. ಹಗಲೂ ರಾತ್ರಿ ಎತ್ತಿ ಇಳಿಸುವ ಅವಳ ಬೆನ್ನು, ನಿದ್ದೆ, ಮನಸ್ಸು ಇವನ್ನೂ ಕೇಳಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ 1 ಬಂದರೂ ಸಮೀಕ್ಷೆ ಅಲ್ಲಿಗೆ ನಿಲ್ಲಬೇಕು. ಯೋಚನೆ ಮಾತ್ರವೋ, ಹೇಗೆಂದೂ ಆಲೋಚಿಸಿದ್ದಾರೋ ಶಾಂತವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯ ಕಂಡರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವರಿಗೆ ತಿಳಿಸಿಯೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಮನೆಯಿಂದ ಹೊರಗೆ ಬೀಗದಲ್ಲಿ ಇಡಿಸಿ, ಅಲ್ಲಿಂದಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ತಕ್ಷಣದ ಅಪಾಯಕ್ಕೆ 108. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿ, ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ತಾಲ್ಲೂಕು ಆಸ್ಪತ್ರೆ ಇವುಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಸಮೀಕ್ಷೆಗೆ ಮೊದಲೇ ವಿಚಾರಿಸಿ ಚೀಟಿ ಅಚ್ಚು ಹಾಕಿಸಿಕೊಳ್ಳಿ. ಕಳಿಸುವ ಜಾಗ ಗೊತ್ತಿಲ್ಲದೆ ಈ ಪ್ರಶ್ನೆ ಕೇಳಲು ಯಾರಿಗೂ ಹಕ್ಕಿಲ್ಲ.

ತಪ್ಪು ಹಿಡಿಯುವುದು

ಒಬ್ಬರು ದಿನಕ್ಕೆ ಆರೇಳಕ್ಕಿಂತ ಹೆಚ್ಚು ಪೂರ್ಣ ಸಂದರ್ಶನ ಮಾಡಬಾರದು. ನೂರಕ್ಕೆ ಹತ್ತು ಮನೆಗೆ ಬೇರೊಬ್ಬರು ಮತ್ತೆ ಹೋಗಿ ಐದಾರು ಪ್ರಶ್ನೆ ಕೇಳಲಿ. ದಿನವೂ ಸಂಜೆ ಹಾಳೆ ತಿರುವಿ: ರಕ್ತದೊತ್ತಡವೆಲ್ಲ 120, 130, 140 ಎಂದು ಸೊನ್ನೆಯಲ್ಲೇ ಮುಗಿದಿದ್ದರೆ ಅಳೆಯದೆ ಬರೆದಿದ್ದಾರೆ ಅಥವಾ ದುಂಡಗೆ ಮಾಡಿದ್ದಾರೆ. ಒಬ್ಬರ ಹಾಳೆಯಲ್ಲಷ್ಟೇ ಯಾರಿಗೂ ಖಿನ್ನತೆ ಇಲ್ಲದಿದ್ದರೆ ಅವರ ಜೊತೆ ಮರುದಿನ ಇನ್ನೊಬ್ಬರನ್ನು ಕಳಿಸಿ.

ವರದಿಯ ಮೊದಲ ಕೋಷ್ಟಕ ಹೀಗಿರಲಿ: ಪಟ್ಟಿಯಲ್ಲಿ ಎಷ್ಟು ಹಿರಿಯರು, ಸಿಕ್ಕವರು ಎಷ್ಟು, ತಾವೇ ಉತ್ತರಿಸಿದವರು ಎಷ್ಟು, ಮನೆಯವರು ಉತ್ತರಿಸಿದ್ದು ಎಷ್ಟು, ಒಲ್ಲೆ ಎಂದವರು ಎಷ್ಟು, ಮಾತು ಬಾರದ್ದಕ್ಕೆ ಬಿಟ್ಟವರು ಎಷ್ಟು. ಇದಾದ ಮೇಲೆ ಒಟ್ಟು ಅಂಕಿಅಂಶಗಳನ್ನಷ್ಟೇ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ಯಾವ ಓಣಿ, ಯಾರ ಮನೆ ಎಂದು ಗುರುತು ಸಿಗುವಂತಿದ್ದರೆ ಆ ಅಂಕಿಯನ್ನು ಅಲ್ಲಿ ಹೇಳಬೇಡಿ, ಆರೋಗ್ಯ ಕೇಂದ್ರದ ವೈದ್ಯರಿಗೆ ಮಾತ್ರ, ಅದೂ ಆ ಮನೆಯವರು ಒಪ್ಪಿದ್ದರೆ ಕೊಡಿ.