ಒಂದು ವರ್ಷ ತಪ್ಪು ನಕ್ಷತ್ರ ಕಾದ ಕಥೆ

ನಕ್ಷತ್ರಗಳು ಓಡುತ್ತವೆ ಅಂತ ಎಷ್ಟೋ ಸಲ ಓದಿದ್ದೆ. ಒಂದನ್ನಾದರೂ ಓಡುವಾಗ ಹಿಡಿಯಬೇಕು ಅನ್ನೋ ಹಟ ಬಂತು. ಆರಿಸಿಕೊಂಡಿದ್ದು ಬರ್ನಾರ್ಡ್ ನಕ್ಷತ್ರವನ್ನು.

ಸೂರ್ಯನಿಗೆ ತೀರಾ ಹತ್ತಿರ ಇರುವುದು ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳು. ಅದರಲ್ಲಿ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ಅವು ಬಿಟ್ಟರೆ ಮುಂದಿನ ಸರದಿ ಬರ್ನಾರ್ಡ್‌ದು, ಸುಮಾರು 6 ಜ್ಯೋತಿರ್ವರ್ಷ. ಇಷ್ಟು ಹತ್ತಿರ ಇದ್ದೂ ಬರಿಗಣ್ಣಿಗೆ ಕಾಣುವುದಿಲ್ಲ. ಪುಟ್ಟ ಕೆಂಪು ಕುಬ್ಜ, ಅಂದರೆ ಸೂರ್ಯನಿಗಿಂತ ಚಿಕ್ಕ, ಮಂಕು ನಕ್ಷತ್ರ. ಕಾಂತಿಮಾನ 9.5 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಆದರೆ ಆಕಾಶದಲ್ಲಿ ಇದರಷ್ಟು ಬೇಗ ಜಾಗ ಬದಲಿಸುವ ನಕ್ಷತ್ರ ಇನ್ನೊಂದಿಲ್ಲ. ವರ್ಷಕ್ಕೆ 10.4 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್ ಸೆಕೆಂಡ್). 1916ರಲ್ಲಿ ಖಗೋಳ ವಿಜ್ಞಾನಿ ಇ. ಇ. ಬರ್ನಾರ್ಡ್ ಹಳೇ ಫೋಟೋ ಫಲಕವನ್ನು ಹೊಸದರ ಜೊತೆ ಹೋಲಿಸಿ ಇದನ್ನು ಕಂಡುಹಿಡಿದರು. ನಾನೂ ಅದನ್ನೇ ಮಾಡಲು ಹೊರಟೆ.

ನನ್ನ ಹತ್ತಿರ ಇದ್ದದ್ದು 130 ಮಿ.ಮೀ. ಕನ್ನಡಿಯ ದೂರದರ್ಶಕ, 650 ಮಿ.ಮೀ. ಫೋಕಲ್ ಲೆಂಗ್ತ್, ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ. ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಆಕಾಶದಲ್ಲಿ 1.36 ಆರ್ಕ್ ಸೆಕೆಂಡ್. ಹಾಗಾದರೆ ವರ್ಷಕ್ಕೆ ಏಳೂವರೆ ಪಿಕ್ಸೆಲ್ ಜರುಗಬೇಕು. ಸಾಕಲ್ವಾ!

ಜೂನ್‌ನ ಒಂದು ರಾತ್ರಿ ಉರಗಧರ (ಒಫಿಯೂಕಸ್) ನಕ್ಷತ್ರಪುಂಜದ ಬೀಟಾ ಎಂಬ ನಕ್ಷತ್ರದಿಂದ ಪೂರ್ವಕ್ಕೆ ಮೂರೂವರೆ ಡಿಗ್ರಿ ಹೋಗಿ, ನಕ್ಷೆಯಲ್ಲಿದ್ದ ಜಾಗದ ಫೋಟೋ ತೆಗೆದೆ. ಅಲ್ಲಿದ್ದ ಮಂಕು ಚುಕ್ಕೆಗೆ ಗುರುತು ಹಾಕಿದೆ. ಸ್ವಲ್ಪ ಆಚೆ ಅದಕ್ಕಿಂತ ಹೊಳಪಾದ ಇನ್ನೊಂದಿತ್ತು, ಅದರ ಕಡೆ ತಲೆ ಹಾಕಲಿಲ್ಲ. ಮುಂದಿನ ಜೂನ್‌ನಲ್ಲಿ ಮತ್ತೆ ಫೋಟೋ. ನನ್ನ ಚುಕ್ಕೆ ಕದಲಿರಲೇ ಇಲ್ಲ.

ಮೊದಲು ಕ್ಯಾಮೆರಾ ಮೇಲೆ ಅನುಮಾನ. ಎರಡು ಸಲವೂ ಅದನ್ನು ಬೇರೆ ಬೇರೆ ಕೋನದಲ್ಲಿ ಸಿಕ್ಕಿಸಿದ್ದೆ, ಚಿತ್ರ ತಿರುಗಿತ್ತು. ಹನ್ನೆರಡು ಹಿನ್ನೆಲೆ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಿಮಾಡಿದೆ. ಆಗಲೂ ಚುಕ್ಕೆ ಅಲ್ಲೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನಕ್ಷೆಯ ಮೂಲೆಯಲ್ಲಿ ಬರೆದದ್ದು ಕಣ್ಣಿಗೆ ಬಿತ್ತು: 2000ನೇ ಇಸವಿಯ ಸ್ಥಾನ. ಅಷ್ಟು ವರ್ಷದಲ್ಲಿ ಬರ್ನಾರ್ಡ್ ನಕ್ಷತ್ರ ನಾಲ್ಕು ಆರ್ಕ್ ಮಿನಿಟ್ (240 ಆರ್ಕ್ ಸೆಕೆಂಡ್) ಉತ್ತರಕ್ಕೆ ಹೋಗಿಬಿಟ್ಟಿತ್ತು! ಯಾವ ಓಟ ನೋಡಬೇಕು ಅಂತ ಹೊರಟಿದ್ದೆನೋ ಆ ಓಟವನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ತಲೆ ಹಾಕದ ಆ ಹೊಳಪಾದ ಚುಕ್ಕೆಯೇ ಬರ್ನಾರ್ಡ್. ಅದೃಷ್ಟಕ್ಕೆ ಎರಡೂ ಚಿತ್ರದಲ್ಲಿ ಅದು ಇತ್ತು. ಎರಡನ್ನೂ ಅದಲು ಬದಲು ಮಾಡಿ ನೋಡಿದೆ. ಸುತ್ತಲಿನವೆಲ್ಲ ಸುಮ್ನೆ ನಿಂತಿವೆ, ಇದೊಂದು ಮಾತ್ರ ಟಕ್ ಟಕ್ ಅಂತ ಮೇಲೆ ಕೆಳಗೆ ಜಿಗಿಯುತ್ತಿದೆ. ಅಳೆದರೆ 7.5 ಪಿಕ್ಸೆಲ್, ಅಂದರೆ 10.2 ಆರ್ಕ್ ಸೆಕೆಂಡ್. ಆ ರಾತ್ರಿ ಅದೆಷ್ಟು ಸಲ ಜಿಗಿಸಿದೆನೋ.

ಎರಡೂ ವರ್ಷದ ಫೋಟೋವನ್ನು ವರ್ಷದ ಅದೇ ತಿಂಗಳಲ್ಲಿ ತೆಗೆಯುವುದು ಒಳ್ಳೆಯದು. ಇಲ್ಲದಿದ್ದರೆ ಭೂಮಿ ಸೂರ್ಯನ ಸುತ್ತ ಜಾಗ ಬದಲಿಸುವುದರಿಂದ ಬರುವ ಪಲ್ಲಟ, ಅದೇ ಪ್ಯಾರಲಾಕ್ಸ್, ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಈಗ ನನಗೆ ಆ ಪಲ್ಲಟವೇ ಬೇಕಾಗಿದೆ, ಅದರಿಂದಲೇ ದೂರ ಸಿಗುವುದು. ಆರು ತಿಂಗಳಲ್ಲಿ ಸುಮಾರು 1.1 ಆರ್ಕ್ ಸೆಕೆಂಡ್, ಒಂದು ಪಿಕ್ಸೆಲ್‌ಗೂ ಕಡಿಮೆ. ಓಟ ಉತ್ತರಕ್ಕೆ, ಪಲ್ಲಟ ಜಾಸ್ತಿ ಪೂರ್ವ ಪಶ್ಚಿಮಕ್ಕೆ, ಹಾಗಾಗಿ ಬೇರ್ಪಡಿಸಬಹುದು. ಮಾರ್ಚ್ ಬೆಳಗಿನ ಜಾವದ ನಲವತ್ತು ಫೋಟೋ ಸಿದ್ಧ ಇದೆ. ಸೆಪ್ಟೆಂಬರ್ ಸಂಜೆಯದು ಬಾಕಿ.