ಮೂರು ವಿಂಡೋ, ಒಂದೇ ಟೆಕ್ಸ್ಚರ್: ಜಿಟ್ಟರ್‌ನಲ್ಲಿ ನನ್ನ ಅನುಭವ

"ಒಂದೇ ಲ್ಯಾಪ್‌ಟಾಪಲ್ಲಿ ಮೂರು ಪ್ರೊಜೆಕ್ಟರಾ? ಆಗಲ್ಲ ಸಾರ್, ಇನ್ನೆರಡು ಮಷೀನ್ ಬಾಡಿಗೆಗೆ ತಗೊಳ್ಳಿ" ಅಂದರು ಲೈಟಿಂಗ್ ಹುಡುಗರು. ಒಂದು ನಾಟಕಕ್ಕೆ ಮೂರು ಪರದೆಯ ಮೇಲೆ ವಿಡಿಯೋ ಹಾಕುವ ಕೆಲಸ ನನ್ನದು. ಬಾಡಿಗೆ ಒಂದು ಮಷೀನಿಗೆ ದಿನಕ್ಕೆ ಸುಮಾರು 2,000, ರಿಹರ್ಸಲ್ ಸೇರಿ ಐದು ದಿನ. ನಾಟಕದವರು ನನಗೆ ಕೊಡುವುದೇ 25,000. ಉಳಿಯುವುದು 5,000, ಅದರಲ್ಲಿ ಆಟೋ ಖರ್ಚು ಬೇರೆ.

ಮೊದಲು ಜಿಟ್ಟರ್‌ನಲ್ಲಿ (ಮ್ಯಾಕ್ಸ್ ಸಾಫ್ಟ್‌ವೇರಿನ ವಿಡಿಯೋ ಭಾಗ) ಮೂರು ಜಿಟ್.ವರ್ಲ್ಡ್, ಅಂದರೆ ಚಿತ್ರ ತೋರಿಸುವ ಮೂರು ವಿಂಡೋ ಹಾಕಿ, ಮೂರರಲ್ಲೂ ಅದೇ ವಿಡಿಯೋ ಓಡಿಸಿದೆ. ಫ್ಯಾನ್ ಮಿಕ್ಸಿ ತರ ಕೂಗಿತು. ಆಮೇಲೆ ಮುಖ್ಯ ವಿಂಡೋದ ಚಿತ್ರವನ್ನು ಜಿಪಿಯು (ಗ್ರಾಫಿಕ್ಸ್ ಚಿಪ್) ಕಡೆಯಿಂದ, ಸಿಪಿಯು ಕಡೆಯ ಮೆಮೊರಿಯಲ್ಲಿರುವ ಮ್ಯಾಟ್ರಿಕ್ಸ್‌ಗೆ ಇಳಿಸಿ ಉಳಿದೆರಡಕ್ಕೆ ಹತ್ತಿಸಿದೆ. 1920×1080ರ ಒಂದು ಫ್ರೇಮ್ ಅಂದರೆ 8 ಎಂಬಿ ಚಿಲ್ಲರೆ. ಸೆಕೆಂಡಿಗೆ 60. ಒಂದು ಸಲ ಇಳಿಸು, ಎರಡು ಸಲ ಹತ್ತಿಸು: ಹತ್ತಿರ ಹತ್ತಿರ ಒಂದೂವರೆ ಜಿಬಿ. ಭಾರಕ್ಕಿಂತ ಕಾಯುವುದೇ ಜಾಸ್ತಿ, ಜಿಪಿಯು ಬರೆದು ಮುಗಿಸುವ ತನಕ ಸಿಪಿಯು ಕೈಕಟ್ಟಿ ಕೂತಿರುತ್ತದೆ. ಸಿಕ್ಕಿದ್ದು 17-18 ಫ್ರೇಮ್.

ಕೊನೆಗೆ ಎಲ್ಲ ವಿಂಡೋಗಳಿಗೂ ಶೇರ್ಡ್ 1 (ಹಂಚಿಕೊಳ್ಳು ಅನ್ನುವ ಸೆಟ್ಟಿಂಗ್) ಕೊಟ್ಟೆ. ಈಗ ಚಿತ್ರ ಎಲ್ಲಿಗೂ ಹೋಗಬೇಕಿಲ್ಲ, ಟೆಕ್ಸ್ಚರ್ (ಜಿಪಿಯು ಒಳಗೇ ಇರುವ ಚಿತ್ರ) ಹೆಸರು ಕಳಿಸಿದರೆ ಸಾಕು. ಆದರೂ ಎಡಗಡೆ ಪರದೆ ಕಪ್ಪು! ಮುಖ್ಯ ವಿಂಡೋದ ವಿಡಿಯೋಪ್ಲೇನನ್ನೇ (ಚಿತ್ರ ಅಂಟಿಸುವ ಹಾಳೆ) ಅಲ್ಲೂ ಬಳಸಲು ಹೋಗಿದ್ದೆ. ಓಪನ್‌ಜಿಎಲ್‌ನಲ್ಲಿ (ಜಿಪಿಯು ಕೈಲಿ ಚಿತ್ರ ಬರೆಸುವ ವ್ಯವಸ್ಥೆ) ಟೆಕ್ಸ್ಚರ್, ಬಫರ್ (ಡೇಟಾ ಇಡುವ ಜಾಗ), ಶೇಡರ್ (ಜಿಪಿಯು ಮೇಲೆ ಓಡುವ ಚಿಕ್ಕ ಪ್ರೋಗ್ರಾಂ) ಹಂಚಿಕೊಳ್ಳಬಹುದು. ಎಫ್‌ಬಿಒ (ಚಿತ್ರ ಎಲ್ಲಿಗೆ ಬರೆಯಬೇಕು ಅನ್ನುವ ವಿವರ), ವಿಎಒ (ಆಕಾರದ ಬಿಂದುಗಳನ್ನು ಹೇಗೆ ಓದಬೇಕು ಅನ್ನುವ ವಿವರ) ಮಾತ್ರ ಆಯಾ ಕಾಂಟೆಕ್ಸ್ಟ್‌ನ, ಅಂದರೆ ಆಯಾ ವಿಂಡೋದ ಗ್ರಾಫಿಕ್ಸ್ ಲೋಕದ, ಸ್ವಂತ ಆಸ್ತಿ. ವಿಡಿಯೋಪ್ಲೇನೂ ಹಾಗೇ, ಒಂದೇ ವಿಂಡೋಗೆ ಸೇರಿದ್ದು. ಪ್ರತಿ ವಿಂಡೋಗೂ ಅದರದೇ ವಿಡಿಯೋಪ್ಲೇನ್ ಇಟ್ಟೆ, ಚಿತ್ರ ಬಂತು. ಇಷ್ಟು ತಿಳಿಯಲು ಒಂದು ಇಡೀ ರಾತ್ರಿ ಹೋಯಿತು.

ಆದರೂ ಇಪ್ಪತ್ತರ ಆಸುಪಾಸಿನಿಂದ ಮೇಲೇಳಲಿಲ್ಲ. ಮೂರರಲ್ಲೂ ಸಿಂಕ್ (ಪರದೆ ಹೊಸ ಚಿತ್ರಕ್ಕೆ ತಯಾರಾಗುವ ತನಕ ಕಾಯುವ ಸೆಟ್ಟಿಂಗ್) ಆನ್ ಇತ್ತು. ಒಂದಾದ ಮೇಲೆ ಒಂದು ಕಾದರೆ 60 ಮೂರು ಪಾಲಾಗುತ್ತದೆ, ಅಲ್ವಾ? ನಡುವಿನದಕ್ಕೆ ಮಾತ್ರ ಉಳಿಸಿದೆ. ಅಕ್ಕಪಕ್ಕದಲ್ಲಿ ಚಿತ್ರ ಸ್ವಲ್ಪ ಹರಿದಂತೆ ಕಾಣಬಹುದು, ಆದರೆ ಅಲ್ಲಿ ಇದ್ದದ್ದು ಬರೀ ಮೋಡ. ಯಾರಿಗೂ ಗೊತ್ತಾಗಲಿಲ್ಲ.

ಮಧ್ಯೆ ಸ್ಪೌಟ್‌ನಲ್ಲೂ ಆಟ ಆಡಿದೆ. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರಿಗೂ ಅದೇ ಟೆಕ್ಸ್ಚರ್ ದಾಟಿಸುತ್ತದೆ, ಸಿಪಿಯು ಕಡೆಗೆ ಇಳಿಸಿ ಹತ್ತಿಸುವ ಗೋಜಿಲ್ಲ. ನಾಟಕಕ್ಕೆ ಬೇಕಿರಲಿಲ್ಲ, ಸುಮ್ನೆ ಲ್ಯಾಪ್‌ಟಾಪಿನ ಸ್ಕ್ರೀನಲ್ಲೇ ನಿರ್ದೇಶಕರಿಗೆ ತೋರಿಸಿದೆ. ಅವರು ಅದನ್ನೇ ನೋಡುತ್ತಾ ಕೂತು ಒಂದು ಕ್ಯೂ (ಸನ್ನೆ) ತಪ್ಪಿಸಿದರು.

ವಿಂಡೋಗಳನ್ನು ಯಾವ ಕ್ರಮದಲ್ಲಿ ತೆರೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು.

ಮೂರು ಶೋ, 60 ಫ್ರೇಮ್, ಒಂದು ಸಲವೂ ತೊದಲಲಿಲ್ಲ. ಕೊನೇ ದಿನ ಅದೇ ಲೈಟಿಂಗ್ ಹುಡುಗ ಬಂದು, "ನಾಲ್ಕನೇದೂ ಹಾಕಬಹುದಾ ಸಾರ್?" ಅಂದ. ಹಾಕಬಹುದು, ಲ್ಯಾಪ್‌ಟಾಪಲ್ಲಿ ಪೋರ್ಟ್ ಇಲ್ಲ.